ಗುರುವಾರ ಶುರು ಮಾಡಿ ಆದಿತ್ಯವಾರ ಉಂಡ ಸಸ್ಯಾಹಾರಿ ರಾಮೆನ್

ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ನೂಡಲ್ಸ್ ಹಾಕಿ ಉಣ್ಣುವ ಜಪಾನಿನ ಅಡುಗೆ. ಈ ರಾಮೆನ್ ಬಟ್ಟಲಿಗೆ ಬರಲು ನಾಲ್ಕು ದಿನ ಹಿಡಿಯಿತು. ಒಲೆಯ ಹತ್ತಿರ ನಿಂತದ್ದು ಒಟ್ಟು ಐದಾರು ಗಂಟೆ; ಮಿಕ್ಕಿದ್ದೆಲ್ಲ ನೆನೆಯಲು, ತಣಿಯಲು, ಹಿಟ್ಟು ಹದಕ್ಕೆ ಬರಲು ಕಾದ ಹೊತ್ತು. ಮಂಗಳೂರಿನಲ್ಲಿದ್ದುಕೊಂಡು, ಮೀನು ಮೊಟ್ಟೆ ಸೋಕಿಸದೆ, ಪೊಟ್ಟಣದ ಮಸಾಲೆಯ ಹಂಗಿಲ್ಲದೆ ಮಾಡಬೇಕೆನ್ನುವವರಿಗೆ ಎಲ್ಲಿ ಹೊತ್ತು ಹೋಗುತ್ತದೆ, ಎಲ್ಲಿ ದುಡ್ಡು ಹೋಗುತ್ತದೆ, ಯಾವ ಹಂತದಲ್ಲಿ ಕೆಡುತ್ತದೆ ಎಂಬುದು ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅಳತೆಯೆಲ್ಲ ನಾಲ್ಕು ಬಟ್ಟಲಿಗೆ.

ಮಾಂಸದ ರಾಮೆನ್‌ನಲ್ಲಿ ಮೂಳೆ ಗಂಟೆಗಟ್ಟಲೆ ಬೆಂದು ಅಂಟು, ಕೊಬ್ಬು, ರುಚಿ ಮೂರನ್ನೂ ನೀರಿಗೆ ಬಿಡುತ್ತದೆ. ತರಕಾರಿಯನ್ನು ಹಾಗೇ ಬೇಯಿಸುತ್ತ ಕೂತರೆ ಒಂದು ಗಂಟೆಯ ನಂತರ ಕೋಸಿನಿಂದ ಗಂಧಕದ ವಾಸನೆ ಏಳುತ್ತದೆ, ಸಾರು ಸಪ್ಪೆಯಾಗಿಯೇ ಉಳಿಯುತ್ತದೆ. ಅದಕ್ಕೇ ಸಸ್ಯಾಹಾರಿ ರಾಮೆನ್‌ನಲ್ಲಿ ಮೂರನ್ನು ಬೇರೆ ಬೇರೆ ಮಾಡಿಟ್ಟು ಬಟ್ಟಲಿನಲ್ಲೇ ಕೂಡಿಸಬೇಕು: ದಾಶಿ (ಕಡಲಪಾಚಿ, ಅಣಬೆ ನೆನೆಸಿ ಬಿಸಿ ಮಾಡಿ ತೆಗೆದ ರಸ) ಸೇರಿದ ಸಾರು, ತರೆ ಎಂಬ ಉಪ್ಪು ಸೋಯಾದ ಗಟ್ಟಿ ರಸ, ಪರಿಮಳದ ಎಣ್ಣೆ. ನಮ್ಮ ಮೊದಲ ಎರಡು ಪ್ರಯತ್ನ ಕೈಕೊಟ್ಟದ್ದು ಎಣ್ಣೆಯಲ್ಲಿ ಜಿಪುಣತನ ಮಾಡಿದ್ದಕ್ಕೆ. ಸಾರು ಚೆನ್ನಾಗಿಯೇ ಇತ್ತು, ನಾಲಗೆಯ ಮೇಲೆ ನಿಲ್ಲಲಿಲ್ಲ.

ಖರೀದಿಗೆ ಒಂದು ವಾರಕ್ಕೂ ಮೊದಲೇ ಇಳಿಯಿರಿ. ಸೋಯಾ ಸಾಸ್, ಹುರಿದ ಎಳ್ಳಿನ ಎಣ್ಣೆ, ಸೋಯಾ ಪನೀರ್ ಎನ್ನುವ ತೋಫು ಇವು ಮಂಗಳೂರು, ಮಣಿಪಾಲದ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. ಕೊಂಬು ಎಂಬ ಒಣ ಕಡಲಪಾಚಿ, ಒಣ ಶಿಟಾಕೆ ಅಣಬೆ, ಗೋಧಿಯ ಪ್ರೋಟೀನಾದ ಗ್ಲುಟೆನ್ ಪುಡಿ ಮೂರನ್ನೂ ಆನ್‌ಲೈನ್‌ನಲ್ಲಿ ತರಿಸಿದೆವು. ಕೊಂಬು ಬರಲು ಎಂಟು ದಿನ ಆಯಿತು. ಬಿಲ್ಲಿನಲ್ಲಿ ಕೊಂಬು 50 ಗ್ರಾಂಗೆ ಸುಮಾರು 450 ರೂಪಾಯಿ, ಶಿಟಾಕೆ 100 ಗ್ರಾಂಗೆ 350, ಅರ್ಧ ಲೀಟರ್ ಸೋಯಾ ಸಾಸ್ 550, ಎಳ್ಳಿನ ಎಣ್ಣೆ 400, ಗ್ಲುಟೆನ್ 200. ಒಮ್ಮೆಗೆ ಸುಮಾರು ಎರಡು ಸಾವಿರ ಅನಿಸಿದರೂ ಎರಡು ಮೂರು ಸಲಕ್ಕೆ ಬರುತ್ತದೆ. ತರಕಾರಿ, ತೋಫು ಸೇರಿಸಿ ಬಟ್ಟಲಿಗೆ 180 ರೂಪಾಯಿಯ ಆಸುಪಾಸು ಬಿತ್ತು.

ಲೇಬಲ್ ಓದದೆ ಏನನ್ನೂ ಬುಟ್ಟಿಗೆ ಹಾಕಬೇಡಿ. 'ದಾಶಿ ಪುಡಿ' ಎಂದು ಮಾರುವ ಬಹುತೇಕ ಪುಡಿಗಳಲ್ಲಿ ಒಣಗಿಸಿದ ಬೊನಿಟೊ ಮೀನು ಇರುತ್ತದೆ. ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಡಬ್ಬಿಯ ಮೇಲೆ 'ದಾಶಿ ಸೇರಿದೆ' ಎಂದಿದ್ದರೂ ಅದೇ ಕಥೆ. 'ಕಾತ್ಸುಓ', 'ಬೊನಿಟೊ' ಎಂಬ ಹೆಸರು ಕಂಡರೆ ಕೆಳಗಿಡಿ. ಸಿದ್ಧ ನೂಡಲ್ಸಿನಲ್ಲಿ ಮೊಟ್ಟೆ ಇರುವುದುಂಟು, ಹಸಿರು ಚುಕ್ಕೆ ನೋಡಿ. ಸೋಯಾ ಸಾಸ್ ಹುದುಗಿಸಿ ಮಾಡಿದ್ದೇ ಆಗಬೇಕು: ಪದಾರ್ಥಗಳ ಪಟ್ಟಿಯಲ್ಲಿ ನೀರು, ಸೋಯಾ, ಗೋಧಿ, ಉಪ್ಪು ಇಷ್ಟೇ ಇರುವುದು ಒಳ್ಳೆಯದು. ಕ್ಯಾರಮೆಲ್ ಬಣ್ಣ ಹಾಕಿದ, ಗೋಬಿ ಮಂಚೂರಿಗೆ ಸುರಿಯುವ ಕಪ್ಪು ಸಾಸಿನಿಂದ ತರೆ ಮಾಡಿದರೆ ಇಡೀ ಬಟ್ಟಲು ಕಹಿ.

ಗುರುವಾರ ಬೆಳಿಗ್ಗೆ ಮೊದಲು ಕೈಹಾಕಿದ್ದು ಕಣಿಲೆಗೆ. ರಾಮೆನ್ ಮೇಲೆ ಇಡುವ ಮೆನ್ಮಾ ಎಂದರೆ ಹುದುಗಿಸಿದ ಬಿದಿರಿನ ಮೊಳಕೆ. ಅದರ ಡಬ್ಬಿ ಹುಡುಕಿಕೊಂಡು ಅಲೆಯುವ ಕೆಲಸವೇ ಇಲ್ಲ, ಆಟಿ ತಿಂಗಳಲ್ಲಿ ನಮ್ಮ ಮಾರುಕಟ್ಟೆಯಲ್ಲೇ ಕಣಿಲೆ ಬಂದಿರುತ್ತದೆ. ಹೊರಗಿನ ಪದರ ಸುಲಿದು, ಎಳೆಯ ಭಾಗವನ್ನು ಎರಡು ಇಂಚು ಉದ್ದದ ತೆಳು ಪಟ್ಟಿಗಳಾಗಿ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಮೂರು ದಿನ ಇಡಬೇಕು, ದಿನಾ ನೀರು ಬದಲಿಸಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಈ ನೆನೆಸುವಿಕೆಯನ್ನೂ ಆಮೇಲೆ ಬೇಯಿಸಿ ನೀರು ಚೆಲ್ಲುವುದನ್ನೂ ತಪ್ಪಿಸುವಂತಿಲ್ಲ. ಮೂರನೆಯ ದಿನಕ್ಕೆ ಬರುವ ಸಣ್ಣ ಹುಳಿ ವಾಸನೆ ನಮಗೆ ಬೇಕಾದದ್ದೇ, ಮೆನ್ಮಾದ ಗುಣವೂ ಅದೇ. ಮಳೆಗಾಲ ಕಳೆದ ಮೇಲೆ ಮಾಡುವವರು ಉಪ್ಪಿನಲ್ಲಿ ಹಾಕಿಟ್ಟ ಕಣಿಲೆ ತಂದು, ಒಂದು ರಾತ್ರಿ ನೀರಿನಲ್ಲಿಟ್ಟು ಉಪ್ಪು ಬಿಡಿಸಿಕೊಳ್ಳಬಹುದು.

ಅದೇ ದಿನ ಸೋಡಾ ಹುರಿಯುವ ಕೆಲಸ. ರಾಮೆನ್ ಎಳೆಗೆ, ಅಂದರೆ ನೂಡಲ್ಸಿಗೆ, ಆ ಹಳದಿ ಬಣ್ಣ, ಹಲ್ಲಿಗೆ ಸಿಗುವ ಬಿಗಿ, ಬಿಸಿ ಸಾರಿನಲ್ಲೂ ಬೇಗ ಮೆತ್ತಗಾಗದ ಗುಣ ಎಲ್ಲ ಬರುವುದು ಕ್ಷಾರದಿಂದ. ಕ್ಷಾರ ಗ್ಲುಟೆನ್ನನ್ನು ಬಿಗಿ ಮಾಡುತ್ತದೆ, ಹಿಟ್ಟಿನಲ್ಲಿರುವ ಫ್ಲೇವನಾಯ್ಡ್‌ಗಳನ್ನು ಹಳದಿ ಮಾಡುತ್ತದೆ; ಮೊಟ್ಟೆ ಬೇಡವೇ ಬೇಡ. ಜಪಾನಿನಲ್ಲಿ ಇದಕ್ಕೆ ಕನ್ಸುಯಿ ಎನ್ನುತ್ತಾರೆ, ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟಿನ ಮಿಶ್ರಣ. ನಮ್ಮ ಅಡುಗೆ ಸೋಡಾ ಬೈಕಾರ್ಬೊನೇಟ್. ಅದನ್ನು ಹಾಗೇ ಹಾಕಿದರೆ ಕ್ಷಾರ ಸಾಲದು. 120 ಡಿಗ್ರಿಯ ಓವನ್‌ನಲ್ಲಿ ತೆಳ್ಳಗೆ ಹರಡಿ ಒಂದು ಗಂಟೆ ಇಟ್ಟರೆ ನೀರೂ ಇಂಗಾಲದ ಡೈ ಆಕ್ಸೈಡೂ ಹೋಗಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. ಓವನ್ ಇಲ್ಲದವರು ಸ್ಟೀಲಿನ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹುರಿಯಬಹುದು. ಅಲ್ಯೂಮಿನಿಯಂ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ಆಯಿತೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ: 100 ಗ್ರಾಂ ಹಾಕಿದ್ದು 63-64 ಗ್ರಾಂಗೆ ಇಳಿಯಬೇಕು. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಕೂಡಲೇ ತುಂಬಿ, ಮೇಲೆ ಹೆಸರು ಬರೆದಿಡಿ. ನಮ್ಮ ಮಳೆಗಾಲದ ಗಾಳಿಗೆ ಒಂದು ರಾತ್ರಿ ತೆರೆದಿಟ್ಟರೂ ತೇವ ಎಳೆದುಕೊಂಡು ಗಂಟಾಗುತ್ತದೆ, ಆಮೇಲೆ ಅಳತೆ ತಪ್ಪುತ್ತದೆ.

ಉದ್ದಿನ ಹಪ್ಪಳಕ್ಕೆ ಹಾಕುವ ಹಪ್ಪಳ ಖಾರ ಎಂಬ ಪುಡಿ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದೂ ಕ್ಷಾರವೇ, ಆದರೆ ಯಾವುದು ಎಷ್ಟು ಬೆರೆತಿದೆ ಎಂಬುದು ಅಂಗಡಿಯಿಂದ ಅಂಗಡಿಗೆ ಬೇರೆ. ಎಳೆಯ ಲೆಕ್ಕ ಅದರ ಮೇಲೆ ನಿಲ್ಲಿಸಲಾಗದು. ಬಟ್ಟೆ ಒಗೆಯುವ ಸೋಡಾವಂತೂ ಖಂಡಿತ ಕೂಡದು, ಅದು ತಿನ್ನಲು ತಯಾರಿಸಿದ್ದಲ್ಲ.

ಗುರುವಾರ ರಾತ್ರಿ ತರೆ ನೆನೆಹಾಕಿದೆವು. ಸೋಯಾ ಸಾಸ್ 200 ಮಿಲಿ, ನೀರು 40 ಮಿಲಿ, ಕೊಂಬು 5 ಗ್ರಾಂ, ಒಣ ಶಿಟಾಕೆ ಎರಡು, ಉಪ್ಪು 5 ಗ್ರಾಂ, ಬಿಳಿ ಬೆಲ್ಲ 15 ಗ್ರಾಂ. ಮೂಲದಲ್ಲಿ ಇಲ್ಲಿ ಮಿರಿನ್ ಎಂಬ ಸಿಹಿ ಅಕ್ಕಿ ಮದ್ಯ ಹಾಕುತ್ತಾರೆ, ಬೆಲ್ಲ ಆ ಜಾಗ ತುಂಬುತ್ತದೆ. ಶುಕ್ರವಾರ ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿ, ಕುದಿ ಬರುವ ಮೊದಲೇ ಇಳಿಸಿ, ಸೋಸಿ ಬಾಟಲಿಗೆ. ಏಳು ಬಟ್ಟಲಿಗೆ ಸಾಕಾಗುವಷ್ಟು ಆಗುತ್ತದೆ. ಫ್ರಿಜ್‌ನಲ್ಲಿ ಕೆಲವು ವಾರ ಧಾರಾಳ ಉಳಿಯುತ್ತದೆ. ರುಚಿ ನೋಡಿ 'ಅಯ್ಯೋ, ಉಪ್ಪು' ಎಂದು ನೀರು ಬೆರೆಸಬೇಡಿ. ಇದರಲ್ಲಿ ಉಪ್ಪಿನ ಪ್ರಮಾಣ ನೂರಕ್ಕೆ ಸುಮಾರು 15. ಬಟ್ಟಲಿಗೆ 30 ಮಿಲಿ ತರೆ, 300 ಮಿಲಿ ಸಾರು ಎಂದರೆ ಉಪ್ಪು ನೂರಕ್ಕೆ 1.4ರ ಹತ್ತಿರ ಬರುತ್ತದೆ. ಬರಿದೇ ಕುಡಿದರೆ ಸ್ವಲ್ಪ ಜಾಸ್ತಿ ಅನಿಸಬೇಕು, ಎಳೆ ಬಿದ್ದ ಮೇಲೆ ಸರಿಹೋಗುತ್ತದೆ. ಸಾರಿಗೆ ಮಾತ್ರ ಒಂದು ಚಿಟಿಕೆ ಉಪ್ಪನ್ನೂ ಹಾಕಬಾರದು.

ಶುಕ್ರವಾರ ರಾತ್ರಿ ದಾಶಿ. 1908ರಲ್ಲಿ ಟೋಕಿಯೊದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಗ್ಲುಟಮೇಟನ್ನು ಬೇರ್ಪಡಿಸಿ ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟದ್ದು ಈ ಕೊಂಬುವಿನ ಸಾರಿನಿಂದಲೇ. ಒಣ ಶಿಟಾಕೆಯಲ್ಲಿ ಅದೇ ರುಚಿಯ ಇನ್ನೊಂದು ಅಂಶ ಗ್ವಾನಿಲೇಟ್ ಇದೆ. ಎರಡೂ ಕೂಡಿದಾಗ ರುಚಿ ಒಂದಕ್ಕೊಂದು ಸೇರಿ ಎರಡಾಗುವುದಿಲ್ಲ, ಅನೇಕ ಪಟ್ಟು ಏರುತ್ತದೆ. ಮೀನಿಲ್ಲದ ರಾಮೆನ್ ನಿಂತಿರುವುದೇ ಈ ಜೋಡಿಯ ಮೇಲೆ, ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಎರಡನ್ನೂ ಎರಡು ಪಾತ್ರೆಯಲ್ಲಿ ನೆನೆಸಬೇಕು. ಒಂದು ಲೀಟರ್ ತಣ್ಣೀರಿಗೆ ಕೊಂಬು 20 ಗ್ರಾಂ. ಅದರ ಮೇಲಿನ ಬಿಳಿ ಪುಡಿಯೇ ರುಚಿ, ತೊಳೆಯಬಾರದು, ಒದ್ದೆ ಬಟ್ಟೆಯಿಂದ ಧೂಳು ಮಾತ್ರ ಒರೆಸಿ. ಇನ್ನೊಂದರಲ್ಲಿ ಅರ್ಧ ಲೀಟರ್ ನೀರಿಗೆ ಶಿಟಾಕೆ 25 ಗ್ರಾಂ. ಎರಡೂ ಫ್ರಿಜ್‌ನಲ್ಲಿ ರಾತ್ರಿಯಿಡೀ. ಬೆಳಿಗ್ಗೆ ಕೊಂಬುವನ್ನು ನಿಧಾನವಾಗಿ ಬಿಸಿ ಮಾಡಿ 60 ಡಿಗ್ರಿಯಲ್ಲಿ ಒಂದು ಗಂಟೆ ಹಿಡಿದಿಡಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ನೋಡಿಕೊಳ್ಳುವ ಬಗೆ: ಆವಿ ಏಳಬೇಕು, ತಳದಲ್ಲಿ ಗುಳ್ಳೆ ಏಳಬಾರದು. ಕುದಿ ಬಂದರೆ ಬಸಳೆಯ ಲೋಳೆಯಂಥದು ಬಿಟ್ಟು ಸಾರು ಕಹಿಯಾಗುತ್ತದೆ, ಆಮೇಲೆ ಸರಿಮಾಡಲು ದಾರಿಯಿಲ್ಲ. ಶಿಟಾಕೆಯ ದಾರಿ ಬೇರೆ. ಅಣಬೆಯಲ್ಲಿ ಗ್ವಾನಿಲೇಟ್ ಹುಟ್ಟುವುದು ಬಿಸಿ 60-70 ಡಿಗ್ರಿಗೆ ಬರುವಾಗ. ಅದಕ್ಕಿಂತ ಕೆಳಗೆ, ಬೆಚ್ಚಗೆ ತುಂಬ ಹೊತ್ತು ಇಟ್ಟರೆ ಹುಟ್ಟಿದ್ದನ್ನು ಒಡೆಯುವ ಕಿಣ್ವಗಳು ಕೆಲಸ ಮಾಡುತ್ತವೆ. ಹಾಗಾಗಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸುವ ಅಡ್ಡದಾರಿ ಬಿಡಿ. ತಣ್ಣಗೆ ನೆನೆದದ್ದನ್ನು ಚುರುಕಾಗಿ 70ಕ್ಕೆ ಏರಿಸಿ, ಹತ್ತು ನಿಮಿಷ ಅಲ್ಲೇ ಇಟ್ಟು, ಆಮೇಲೆ ಒಂದು ಕುದಿ ಬರಿಸಿ ಇಳಿಸಿ.

ನೀರಿನ ಬಗ್ಗೆ ಒಂದು ಮಾತು. ಕೊಂಬುವಿಗೆ ಮೆದು ನೀರು ಬೇಕು. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದುವೇ. ಆದರೆ ಕಡಲು, ಅಳಿವೆಯ ಹತ್ತಿರದ ಬಾವಿಗಳಲ್ಲಿ ಏಪ್ರಿಲ್-ಮೇಗೆ ಉಪ್ಪು ಹತ್ತುತ್ತದೆ, ಆ ನೀರಿನಲ್ಲಿ ಲೆಕ್ಕ ಪೂರ್ತಿ ತಪ್ಪುತ್ತದೆ. ನಳ್ಳಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ ಆರಿಸಿ ಬಳಸಿ.

ಶನಿವಾರ ಬೆಳಿಗ್ಗೆ ಸಾರು. ನೀರುಳ್ಳಿ 300 ಗ್ರಾಂ ಎರಡು ಹೋಳು ಮಾಡಿ, ಕತ್ತರಿಸಿದ ಮುಖ ಕೆಳಗೆ ಮಾಡಿ ಕಬ್ಬಿಣದ ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಕಪ್ಪಾಗುವವರೆಗೆ ಸುಡಬೇಕು. ಒಣ ಮೀನಿನ ಹೊಗೆ ಪರಿಮಳ ಇಲ್ಲದ ಕೊರತೆಯನ್ನು ಈ ಸುಟ್ಟ ನೀರುಳ್ಳಿ ಸ್ವಲ್ಪ ಮಟ್ಟಿಗೆ ತುಂಬಿಸುತ್ತದೆ. ಕ್ಯಾರೆಟ್ 150 ಗ್ರಾಂ, ಕೋಸು 200, ಮಾಗಿದ ಟೊಮೆಟೊ ಒಂದು, ಅಡ್ಡ ಕೊಯ್ದ ಬೆಳ್ಳುಳ್ಳಿ ಗಡ್ಡೆ ಒಂದು, ಜಜ್ಜಿದ ಶುಂಠಿ 20 ಗ್ರಾಂ ಇವನ್ನು ಸ್ವಲ್ಪ ಎಣ್ಣೆಯಲ್ಲಿ ಅಂಚು ಕಂದಾಗುವಂತೆ ಬಾಡಿಸಿ, ಎರಡೂ ದಾಶಿ ಸುರಿದು, ಮುಚ್ಚಳ ಓರೆಯಾಗಿಟ್ಟು ಸಣ್ಣ ಉರಿಯಲ್ಲಿ 45 ನಿಮಿಷ. ಅದಕ್ಕಿಂತ ಹೆಚ್ಚು ಬೇಡ. ಕುಕ್ಕರಿನಲ್ಲಿ ಕೂಗಿಸಿದರೆ ಕೋಸಿನ ವಾಸನೆ ಒಳಗೇ ಉಳಿಯುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ, ತಾನಾಗಿ ಇಳಿಯಲಿ. ಒಂದು ಕಾಲು ಲೀಟರ್ ಸಿಗುತ್ತದೆ.

ನೀರುಳ್ಳಿ ಬೆಳ್ಳುಳ್ಳಿ ಒಲ್ಲದ ಮನೆಗಳಿಗೆ ಹೆದರಿಕೆ ಬೇಡ. ಜಪಾನಿನ ಬೌದ್ಧ ವಿಹಾರಗಳ ಶೋಜಿನ್ ಅಡುಗೆಯೂ ಉಡುಪಿಯ ಮಠದ ಅಡುಗೆಯ ಹಾಗೆ ಈ ಎರಡನ್ನೂ ದೂರ ಇಟ್ಟದ್ದು. ಅಲ್ಲಿ ದಾಶಿ ಮಾಡುವುದು ಕೊಂಬು, ಶಿಟಾಕೆಯಿಂದಲೇ. ನೀರುಳ್ಳಿಯ ಬದಲು ಸಿಹಿಕುಂಬಳದ ಹೋಳನ್ನು ಸುಟ್ಟು ಹಾಕಿ, ಶುಂಠಿ ಎರಡು ಪಟ್ಟು ಮಾಡಿ. ಚಾತುರ್ಮಾಸ್ಯ ಹಿಡಿಯುವವರು ದ್ವಿದಳ ವ್ರತದ ತಿಂಗಳು ಮುಗಿದ ಮೇಲೆ ಇಟ್ಟುಕೊಳ್ಳಿ, ಸೋಯಾ ಸಾಸ್, ತೋಫು ಎಲ್ಲ ದ್ವಿದಳವೇ.

ಸಾರು ಇಳಿಯುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ಎಣ್ಣೆ. ಸೂರ್ಯಕಾಂತಿ ಎಣ್ಣೆ 100 ಮಿಲಿ, ಸಾಂಬಾರ್ ನೀರುಳ್ಳಿ 60 ಗ್ರಾಂ, ಬೆಳ್ಳುಳ್ಳಿ 20, ಶುಂಠಿ 10, ಎಲ್ಲ ಸಣ್ಣಗೆ ಹೆಚ್ಚಿ ತಣ್ಣನೆಯ ಎಣ್ಣೆಗೇ ಹಾಕಿ ಒಲೆ ಹಚ್ಚಿ. ಸಣ್ಣ ಉರಿಯಲ್ಲಿ 20-25 ನಿಮಿಷ. ಬಣ್ಣ ತಿಳಿ ಹೊನ್ನಿಗೆ ತಿರುಗಿದ ಕೂಡಲೇ ಸೋಸಿ. ಇನ್ನೂ ಸ್ವಲ್ಪ ಎಂದು ಬಿಟ್ಟರೆ ಎಣ್ಣೆಯ ಕಾವಿಗೇ ಕರಟುತ್ತದೆ. ಆರಿದ ಮೇಲೆ ಹುರಿದ ಎಳ್ಳಿನ ಎಣ್ಣೆ 20 ಮಿಲಿ ಸೇರಿಸಿ. ನಮ್ಮ ಗಾಣದ ಎಳ್ಳೆಣ್ಣೆ ಹುರಿಯದ ಎಳ್ಳಿನದು, ಆ ಪರಿಮಳ ಬರುವುದಿಲ್ಲ. ತೆಂಗಿನೆಣ್ಣೆ ಬೇಡ, ನಮಗೆ ಎಷ್ಟೇ ಪ್ರಿಯವಾದರೂ ಕೊಂಬುವಿನ ತಿಳಿ ರುಚಿಯನ್ನು ಅದು ಪೂರ್ತಿ ಮುಚ್ಚುತ್ತದೆ. ಬಟ್ಟಲಿಗೆ 20 ಮಿಲಿ ಎಣ್ಣೆ ಬೇಕು. ಕಣ್ಣಿಗೆ ಜಾಸ್ತಿ ಕಾಣುತ್ತದೆ, ಆದರೆ ಪರಿಮಳ ಹೊತ್ತು ತರುವುದೂ ಸಾರನ್ನು ಎಳೆಗೆ ಅಂಟಿಸುವುದೂ ಬಿಸಿ ಹಿಡಿದಿಡುವುದೂ ಅದೇ.

ಮಧ್ಯಾಹ್ನ ಎಳೆ. ನಾಲ್ಕು ದಿನದಲ್ಲಿ ಅತಿ ಹೆಚ್ಚು ಬೆವರಿಳಿಸಿದ್ದು ಇದೇ. ಮೈದಾ 380 ಗ್ರಾಂ, ಗ್ಲುಟೆನ್ ಪುಡಿ 20 ಗ್ರಾಂ. ನಮ್ಮಲ್ಲಿ ಸಿಗುವ ಮೈದಾದ ಪ್ರೋಟೀನ್ ಮಾತ್ರ ಈ ಎಳೆಗೆ ಸಾಲದು, ಗ್ಲುಟೆನ್ ಹಾಕದಿದ್ದರೆ ಬೆಂದಾಗ ತುಂಡಾಗುತ್ತದೆ. ನೀರು 150 ಮಿಲಿಯಲ್ಲಿ ಹುರಿದ ಸೋಡಾ 4 ಗ್ರಾಂ ಮೊದಲು ಕರಗಿಸಿ, ಆಮೇಲೆ ಉಪ್ಪು 4 ಗ್ರಾಂ. ಮಳೆಗಾಲದಲ್ಲಿ ಹಿಟ್ಟೇ ತೇವ ಕುಡಿದಿರುತ್ತದೆ, 145 ಮಿಲಿಗೆ ನಿಲ್ಲಿಸಿ. ನೀರನ್ನು ಮೂರು ಕಂತಿನಲ್ಲಿ ಚಿಮುಕಿಸುತ್ತ ಬೆರಳ ತುದಿಯಲ್ಲಿ ಕಲಸಿ. ಉಂಡೆ ಆಗುವುದಿಲ್ಲ, ಆಗಬಾರದು. ಪುಟ್ಟಿನ ಹಿಟ್ಟಿನ ಹಾಗೆ ಉದುರುದುರಾಗಿ ಹಳದಿ ತಿರುಗಿರುತ್ತದೆ. ಇಲ್ಲಿ ಧೈರ್ಯಗೆಟ್ಟು ಚಪಾತಿ ಹದಕ್ಕೆ ನೀರು ಹೊಯ್ದರೆ ಎಳೆ ಮೆತ್ತಗಾಗುವುದು ಖಚಿತ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ, ನೀರು ತಾನಾಗಿ ಒಳಗಿಳಿಯುತ್ತದೆ. ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಲಟ್ಟಣಿಗೆಯಿಂದ ಗುದ್ದಿ ಒತ್ತಿ ಹಲಗೆ ಮಾಡಿ, ನಾಲ್ಕು ಭಾಗ.

ಪಾಸ್ತಾ ಯಂತ್ರವಿದ್ದರೆ ಅಗಲದ ಸಂಖ್ಯೆಯಿಂದ ಶುರು ಮಾಡಿ. ಮೊದಲ ಎರಡು ಸಲ ಅಂಚು ಹರಿಯುತ್ತದೆ, ಮಡಿಸಿ ಮತ್ತೆ ಹಾಯಿಸಿದರೆ ನಾಲ್ಕೈದನೆಯ ಸಲಕ್ಕೆ ರೇಶಿಮೆಯ ಹಾಗೆ ಬರುತ್ತದೆ. ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ತಂದು ಎರಡು ಮಿಲಿಮೀಟರ್ ಅಗಲದ ಎಳೆ ಕತ್ತರಿಸಿ. ಯಂತ್ರವಿಲ್ಲದವರು ಲಟ್ಟಣಿಗೆ ಮತ್ತು ಹರಿತ ಚಾಕುವಿನಿಂದ ಮಾಡಬಹುದು, ತೋಳು ನೋಯುತ್ತದೆ ಅಷ್ಟೇ. ಶ್ಯಾವಿಗೆ ಮಣೆಯಲ್ಲಿ ಒತ್ತಿ ನೋಡಿದೆವು: ಹಿಟ್ಟು ಗಟ್ಟಿ, ಮಣೆ ಇಳಿಯುವುದಿಲ್ಲ, ಇಳಿಯುವಷ್ಟು ನೀರು ಹಾಕಿದರೆ ಎಳೆಗೆ ಬಿಗಿಯಿಲ್ಲ. ಕತ್ತರಿಸಿದ ಎಳೆಗೆ ಜೋಳದ ಪಿಷ್ಟ ಉದುರಿಸಿ, ಹಿಡಿಯಲ್ಲಿ ಮೆಲ್ಲನೆ ಹಿಸುಕಿ ಬಿಟ್ಟರೆ ಸುರುಳಿ ಬರುತ್ತದೆ. ಮೈದಾ ಉದುರಿಸಬೇಡಿ, ತೇವದ ಗಾಳಿಗೆ ಅದು ಅಂಟಾಗಿ ಎಳೆಗಳನ್ನೇ ಬೆಸೆಯುತ್ತದೆ. ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿ ರಾತ್ರಿಯಿಡೀ. ಈ ಕಾಯುವಿಕೆ ಬಿಟ್ಟು ಅಂದೇ ಬೇಯಿಸಿದ ಎಳೆಯಲ್ಲಿ ಸೋಡಾ ವಾಸನೆ ಮುಂದಾಗಿತ್ತು, ಮರುದಿನದ್ದರಲ್ಲಿ ಇರಲಿಲ್ಲ.

ಇದೆಲ್ಲ ಆಗದು ಎನ್ನುವವರಿಗೆ: ತೆಳ್ಳಗಿನ ಸ್ಪಗೆಟ್ಟಿಯನ್ನು ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬೇಯಿಸಿ. ಬಣ್ಣ, ವಾಸನೆ ಹತ್ತಿರ ಬರುತ್ತದೆ. ನೊರೆ ಉಕ್ಕಿ ಒಲೆ ನಂದಿಸುತ್ತದೆ, ದೊಡ್ಡ ತಪಲೆ ಇಡಿ.

ಆದಿತ್ಯವಾರ ಬೆಳಿಗ್ಗೆ ಕಣಿಲೆಯನ್ನು 20 ನಿಮಿಷ ಬೇಯಿಸಿ ಆ ನೀರು ಚೆಲ್ಲಿ, ಎಳ್ಳಿನ ಎಣ್ಣೆ, ಎರಡು ಚಮಚ ತರೆ, ಚೂರು ಬೆಲ್ಲ, ಒಂದು ಒಣ ಮೆಣಸಿನ ಜೊತೆ ನೀರಾರುವ ತನಕ ಬಾಡಿಸಿದೆವು. ದಾಶಿಯಿಂದ ತೆಗೆದ ಶಿಟಾಕೆಯನ್ನು ಎಸೆಯುವುದು ಅನ್ಯಾಯ. ತೊಟ್ಟು ತೆಗೆದು ಹೋಳು ಮಾಡಿ ಅದೇ ರೀತಿ ತರೆ, ಬೆಲ್ಲ ಹಾಕಿ ಬೇಯಿಸಿ. ತೋಫುವನ್ನು ಬೈರಾಸಿನಲ್ಲಿ ಸುತ್ತಿ ಮೇಲೆ ಅರೆಯುವ ಕಲ್ಲಿಟ್ಟು ಅರ್ಧ ಗಂಟೆ ನೀರಿಳಿಸಿ, ಕಾವಲಿಯಲ್ಲಿ ಕೆಂಪಗೆ ಮಾಡಿ. ಸೊಪ್ಪಿಗೆ ಪಾಲಕ್ ಅಥವಾ ಹಸಿರು ಹರಿವೆ. ಕೆಂಪು ಹರಿವೆ ಬಣ್ಣ ಬಿಡುತ್ತದೆ, ಬಸಳೆ ಲೋಳೆ ಬಿಡುತ್ತದೆ.

ಖಾರ ಬೇಕೆನ್ನುವವರಿಗೆ ಬ್ಯಾಡಗಿ ಮೆಣಸಿನ ಎಣ್ಣೆ. ಬಣ್ಣ ಧಾರಾಳ, ಉರಿ ಹದ. ತರಿ ತರಿ ಪುಡಿ ಮಾಡಿದ ಮೆಣಸು 20 ಗ್ರಾಂಗೆ 120 ಡಿಗ್ರಿಗೆ ಬಂದ 100 ಮಿಲಿ ಎಣ್ಣೆ ಸುರಿಯಿರಿ. ಹೊಗೆಯಾಡುವ ಎಣ್ಣೆ ಸುರಿದರೆ ಕಪ್ಪಾಗುತ್ತದೆ. ಇದಕ್ಕೆ ತೆಪ್ಪಳ್, ಅಂದರೆ ಜುಮ್ಮನಕಾಯಿ, ನಾಲ್ಕು ಸಿಪ್ಪೆ ಜಜ್ಜಿ ಹಾಕಿ, ಒಳಗಿನ ಕರಿ ಬೀಜ ತೆಗೆದಿರಬೇಕು. ಸಿಚುವಾನ್ ಮೆಣಸು, ಜಪಾನಿನ ಸನ್ಶೊ, ನಮ್ಮ ತೆಪ್ಪಳ್ ಮೂರೂ ಒಂದೇ ಕುಲದ ಗಿಡಗಳು. ನಾಲಗೆ ಜುಮ್ಮೆನ್ನಿಸುವ ಆ ಗುಣ ನಮ್ಮ ಅಡುಗೆಮನೆಯಲ್ಲೇ ಇದೆ.

ಗಟ್ಟಿ ಸಾರು ಇಷ್ಟಪಡುವವರು ಬಟ್ಟಲಿಗೆ 200 ಮಿಲಿ ಸಾರು, 100 ಮಿಲಿ ಚೆನ್ನಾಗಿ ಕಾಯಿಸಿದ ಸಿಹಿ ಹಾಕದ ಸೋಯಾ ಹಾಲು, ಹುರಿದು ನುಣ್ಣಗೆ ಅರೆದ ಬಿಳಿ ಎಳ್ಳು ಒಂದೂವರೆ ಚಮಚ ಸೇರಿಸಬಹುದು. ಹಾಲು ಹಾಕಿದ ಮೇಲೆ ಕುದಿಸಿದರೆ ಒಡೆಯುತ್ತದೆ, ಆವಿ ಬಂದ ಕೂಡಲೇ ನಿಲ್ಲಿಸಿ. ತೆಂಗಿನ ಹಾಲಿಗೆ ಕೈ ಹೋಗುವುದು ನಮ್ಮವರಿಗೆ ಸಹಜ, ಹಾಕಿದರೆ ರುಚಿಯಾದ ಗಸಿ ಆಗುತ್ತದೆ, ರಾಮೆನ್ ಆಗುವುದಿಲ್ಲ.

ಕೊನೆಯ ಐದು ನಿಮಿಷ ಓಡಾಟದ್ದು. ಎಲ್ಲರೂ ಕೂತ ಮೇಲೆಯೇ ಎಳೆ ಬೇಯಲು ಹಾಕಿ. ನಾಲ್ಕು ಲೀಟರ್ ನೀರು, ಉಪ್ಪಿಲ್ಲದೆ, ದಡದಡ ಕುದಿಯುತ್ತಿರಲಿ. ಒಂದು ಸಲಕ್ಕೆ ಎರಡು ಬಟ್ಟಲಿನಷ್ಟೇ. ಬಟ್ಟಲುಗಳನ್ನು ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಚೆಲ್ಲಿ, ತಳಕ್ಕೆ 30 ಮಿಲಿ ತರೆ, 20 ಮಿಲಿ ಎಣ್ಣೆ ಹಾಕಿಡಿ. ಎಳೆ ಕುದಿಗೆ ಬಿದ್ದ ಮೇಲೆ ಒಂದೂವರೆ ನಿಮಿಷಕ್ಕೆ ಒಂದನ್ನು ಕಚ್ಚಿ ನೋಡಿ, ಎರಡು ನಿಮಿಷ ದಾಟಬಾರದು. ಅಷ್ಟರಲ್ಲಿ ಕುದಿಯುವ ಸಾರು 300 ಮಿಲಿ ತರೆಯ ಮೇಲೆ ರಭಸದಿಂದ ಸುರಿಯಿರಿ, ತಾನಾಗಿ ಬೆರೆಯುತ್ತದೆ. ಎಳೆಯ ನೀರನ್ನು ಜಾಲರಿಯಲ್ಲಿ ಕೊಡವಿ ಪೂರ್ತಿ ತೆಗೆಯದಿದ್ದರೆ ಇಷ್ಟು ದಿನದ ಲೆಕ್ಕವೆಲ್ಲ ತೆಳ್ಳಗಾಗುತ್ತದೆ. ಎಳೆ ಇಳಿಸಿ, ಕೋಲಿನಿಂದ ಒಮ್ಮೆ ಎತ್ತಿ ಮಡಿಸಿ, ಮೇಲೆ ಕಣಿಲೆ, ಶಿಟಾಕೆ, ತೋಫು, ಸೊಪ್ಪು, ಈರುಳ್ಳಿ ಹೂವಿನ ಹಸಿ ದಂಟು.

ಬಟ್ಟಲು ಮುಂದಿಟ್ಟಾಗ ಮೊದಲು ಏರಿದ್ದು ಎಣ್ಣೆಯ ಪರಿಮಳ, ಆಮೇಲೆ ಬಾಯಲ್ಲಿ ಕೊಂಬು ಶಿಟಾಕೆಯ ಆ ಉಳಿಯುವ ರುಚಿ. ಕೊನೆಯ ಗುಟುಕಿನವರೆಗೂ ಅದು ನಿಂತಿತ್ತು. ಉಳಿದ ಸಾರನ್ನೂ ಎಳೆಯನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ: ಸಾರು ಫ್ರಿಜ್‌ನಲ್ಲಿ ಮೂರು ದಿನ, ಬೇಯಿಸದ ಎಳೆ ಫ್ರೀಜರಿನಲ್ಲಿ ಒಂದು ತಿಂಗಳು. ಫ್ರೀಜರಿನ ಎಳೆಯನ್ನು ಕರಗಿಸದೆ ನೇರ ಕುದಿಯುವ ನೀರಿಗೆ ಹಾಕಿ, ಅರ್ಧ ನಿಮಿಷ ಹೆಚ್ಚು ಕೊಡಿ.